ಮೂರು ಎಕರೆ ವರ್ಗ, ಏಳು ಎಕರೆ ಕುಮ್ಕಿ: ಘಟ್ಟದ ಬುಡದಲ್ಲಿ ಜಾಗ ಮಾಡುವವರಿಗೆ

“ಮಾರಾಟಕ್ಕಿದೆ. 10 ಎಕರೆ ತೋಟದ ಜಾಗ. 3 ವರ್ಗ, 7 ಕುಮ್ಕಿ. ವರ್ಷವಿಡೀ ನೀರು, ಮನೆಯ ತನಕ ರಸ್ತೆ, ಎದುರಿಗೆ ಗುಡ್ಡ.” ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಘಟ್ಟದ ಕಡೆಗಿರುವ ಜಾಗಗಳ ಜಾಹೀರಾತು ಹೆಚ್ಚುಕಡಿಮೆ ಇದೇ ಧಾಟಿಯಲ್ಲಿರುತ್ತದೆ. ಬೆಂಗಳೂರಿನ ಹೋಟೆಲಿನ ಗಲ್ಲಾದಲ್ಲಿ ಕೂತವರು, ಮುಂಬೈಯಲ್ಲಿ ನಿವೃತ್ತಿ ಹತ್ತಿರ ಬಂದವರು, ಮಂಗಳೂರು-ಮಣಿಪಾಲದಲ್ಲಿ ಕೆಲಸದಲ್ಲಿದ್ದು ವಾರದ ಕೊನೆಗೊಂದು ತೋಟ ಬೇಕೆನ್ನುವವರು ಇದನ್ನು ಮೊಬೈಲಿನಲ್ಲಿ ನೋಡಿ, ಎಕರೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುತ್ತಾರೆ. ಹಾಕುವಾಗ ಹತ್ತರಿಂದ ಭಾಗಿಸುತ್ತಾರೆ. ಭಾಗಿಸಬೇಕಾದ್ದು ಮೂರರಿಂದ.

ಜಾಹೀರಾತಿನ ಉಳಿದ ಮಾತುಗಳೂ ಹೀಗೇ. ಒಂದೊಂದನ್ನೂ ಬಿಡಿಸಿ ನೋಡಿದರೆ ಈ ಸೀಮೆಯಲ್ಲಿ ಜಾಗ ಮಾಡಿ ಬದುಕುವುದು ಹೇಗೆಂಬುದರ ಅರ್ಧ ಗೊತ್ತಾದಂತೆ.

ಮೊದಲು ಊರಿನ ಅಂದಾಜು ಇರಲಿ. ರಾಷ್ಟ್ರೀಯ ಹೆದ್ದಾರಿ 66 ಬ್ರಹ್ಮಾವರ, ಕೋಟ, ಕುಂದಾಪುರ, ಮರವಂತೆ, ಬೈಂದೂರು ಎಂದು ಕಡಲಿಗೆ ಒತ್ತಿಕೊಂಡು ಓಡುತ್ತದೆ. ಅದರಿಂದ ಮೂಡಣಕ್ಕೆ ಮೂವತ್ತು-ನಲವತ್ತು ಕಿಲೋಮೀಟರ್ ಹೋದರೆ ಘಟ್ಟದ ಗೋಡೆ. ನಡುವಿನ ಪಟ್ಟಿಯಲ್ಲಿ ಕೊಲ್ಲೂರು, ಜಡ್ಕಲ್, ಮುದೂರು, ಯಳಜಿತ್, ಹಳ್ಳಿಹೊಳೆ, ಯಡಮೊಗೆ, ಹೊಸಂಗಡಿ, ಸಿದ್ದಾಪುರ, ಕಮಲಶಿಲೆ, ಅಮಾಸೆಬೈಲು, ಬ್ರಹ್ಮಾವರದ ಕಡೆಗೆ ಆವರ್ಸೆ, ಮಂದಾರ್ತಿ, ಕೊಕ್ಕರ್ಣೆ. ದೊಡ್ಡ ಪೇಟೆ ಎಂದರೆ ಮಂಗಳೂರು. ಕುಂದಾಪುರದಿಂದ ಸುಮಾರು 90 ಕಿಲೋಮೀಟರ್. ಬೆಂಗಳೂರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಮಲಗಿದರೆ ಬೆಳಗ್ಗೆ ಇಳಿಯಬಹುದು. ಬಾಳೆಬರೆ ಘಾಟಿ ಹತ್ತಿದರೆ ಹೊಸನಗರ, ತೀರ್ಥಹಳ್ಳಿ. ಕೊಲ್ಲೂರಿನಿಂದ ನಾಗೋಡಿ ದಾಟಿದರೂ ಶಿವಮೊಗ್ಗ ಜಿಲ್ಲೆಯೇ. ಭಾರಿ ಮಳೆಗೆ ಗುಡ್ಡ ಜರಿದಾಗ ಘಾಟಿಗಳಲ್ಲಿ ದೊಡ್ಡ ವಾಹನಗಳನ್ನು ನಿಲ್ಲಿಸುವುದುಂಟು, ಆದ್ದರಿಂದ ಘಟ್ಟದ ಮೇಲಿನ ದಾರಿಯನ್ನೇ ನಂಬಿ ಯೋಜನೆ ಹಾಕಬೇಡಿ.

ಒಂದು ಭ್ರಮೆಯನ್ನು ಇಲ್ಲೇ ಕಳೆದುಬಿಡುವುದು ಒಳ್ಳೆಯದು. ಗುಡ್ಡ ಕಾಣುತ್ತದೆ ಎಂದಮಾತ್ರಕ್ಕೆ ತಂಪು ಇರುವುದಿಲ್ಲ. 1,343 ಮೀಟರ್ ಎತ್ತರದ ಕೊಡಚಾದ್ರಿ ನಿಮ್ಮ ಅಂಗಳಕ್ಕೆ ಕಾಣಬಹುದು, ಆದರೆ ಅಂಗಳ ಇರುವುದು ಅದರ ಬುಡದಲ್ಲಿ. ಏಪ್ರಿಲ್-ಮೇ ತಿಂಗಳ ಸೆಕೆ ಕುಂದಾಪುರ ಪೇಟೆಯ ಸೆಕೆಯೇ, ಜೊತೆಗೆ ಕಡಲ ಗಾಳಿಯೂ ಇಲ್ಲ. ಮಡಿಕೇರಿಯಂಥ ಹವೆ ಬೇಕೆನ್ನುವವರು ಘಟ್ಟದ ಮೇಲೆ ಹುಡುಕಬೇಕು. ಇಲ್ಲಿಗೆ ಬರುವವರು ಮಳೆಗೆ ಬರಬೇಕು, ಮಳೆಯನ್ನು ತಡೆದುಕೊಳ್ಳುವ ಮನಸ್ಸಿದ್ದರೆ.

ವರ್ಗ, ಕುಮ್ಕಿ ಮತ್ತು ಉಳಿದ ಕಾಗದಗಳು

ವರ್ಗ ಜಾಗ ಎಂದರೆ ಪಟ್ಟಾ ಜಾಗ, ನಿಮ್ಮ ಹೆಸರಿಗೆ ಬರುವಂಥದ್ದು. ಕುಮ್ಕಿ ಸರ್ಕಾರದ್ದು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕದೀಂ ವರ್ಗ ಜಾಗದ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು ತರುವ, ದನ ಮೇಯಿಸುವ, ಕೃಷಿಗೂ ಮನೆಬಳಕೆಗೂ ಬೇಕಾದ ಮರಮಟ್ಟು ತೆಗೆಯುವ ಸವಲತ್ತನ್ನು ವರ್ಗದಾರನಿಗೆ ಕೊಟ್ಟಿದ್ದರು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಆ ಸವಲತ್ತನ್ನು ಮುಂದುವರಿಸಿತು. ಅಷ್ಟೇ. ಅದು ಮಾಲೀಕತ್ವ ಆಗಲಿಲ್ಲ. ಕುಮ್ಕಿಯಲ್ಲಿ ಅಡಿಕೆ, ರಬ್ಬರ್, ಗೇರು ಹಾಕಿ ಎರಡು ತಲೆಮಾರು ಕಳೆದವರು ಸಾವಿರಾರು ಮಂದಿ ಇದ್ದಾರೆ. ಅವರಿಗೆ ಹಕ್ಕು ಕೊಡಿಸುತ್ತೇವೆ ಎಂಬುದು ಕರಾವಳಿಯ ಚುನಾವಣೆಗಳಲ್ಲಿ ಸವೆಯದ ಭರವಸೆ. ಮಾರುವವನು ಕುಮ್ಕಿಯ ತೋಟ ತೋರಿಸುವಾಗ ಮೋಸ ಮಾಡುತ್ತಿದ್ದಾನೆ ಎಂದೇನಲ್ಲ, ಅವನ ಅಪ್ಪ ಬೆಳೆಸಿದ ತೋಟ ಅದು. ಆದರೆ ನೋಂದಣಿಯಾಗುವುದು ಮೂರೇ ಎಕರೆ. ಉಳಿದ ಏಳಕ್ಕೆ ನೀವು ಕೊಡುವ ದುಡ್ಡಿಗೆ ಕಾಗದ ಇಲ್ಲ, ಬ್ಯಾಂಕ್ ಸಾಲ ಇಲ್ಲ, ನಾಳೆ ಮಾರುವಾಗ ಕೇಳುವವರೂ ಕಮ್ಮಿ. ಕುಮ್ಕಿಯೊಳಗೆ ಮನೆ ಕಟ್ಟುವ ಯೋಚನೆಯನ್ನಂತೂ ಬಿಟ್ಟೇಬಿಡಿ.

ನನ್ನ ಅಭಿಪ್ರಾಯ ಇಷ್ಟು: ಕುಮ್ಕಿಗೆ ಬೆಲೆ ಕಟ್ಟುವುದಾದರೆ ಕಾವಲಿನ ಬೆಲೆ ಕಟ್ಟಿ. ನಿಮ್ಮ ವರ್ಗ ಜಾಗದ ಮೇಲ್ಬದಿಯಲ್ಲಿ ಹಾಡಿಯಾಗಿಯೇ, ಅಂದರೆ ಕಾಡಾಗಿಯೇ ಉಳಿದ ಕುಮ್ಕಿ ನೀರನ್ನು ಹಿಡಿದಿಡುತ್ತದೆ, ಗೊಬ್ಬರಕ್ಕೆ ಸೊಪ್ಪು ಕೊಡುತ್ತದೆ. ಕಡಿದು ಬೋಳಿಸಿದ ಕುಮ್ಕಿಯಿಂದ ಆ ಪ್ರಯೋಜನವೂ ಇಲ್ಲ.

ಕುಮ್ಕಿ ಎಂದು ಹೇಳಿದ್ದು ನಿಜಕ್ಕೂ ಕುಮ್ಕಿಯೇ ಎಂಬುದನ್ನೂ ನೋಡಬೇಕು. ಡೀಮ್ಡ್ ಫಾರೆಸ್ಟ್, ಮೀಸಲು ಅರಣ್ಯ, ಗೋಮಾಳ, ಪರಿಶಿಷ್ಟರಿಗೆ ಮೀಸಲಾದ ಡಿಸಿ ಮನ್ನಾ, ಎಲ್ಲವೂ ನೋಡುವ ಕಣ್ಣಿಗೆ ಒಂದೇ ಹಾಡಿ. 2022ರಲ್ಲಿ ಸರ್ಕಾರ ಡೀಮ್ಡ್ ಫಾರೆಸ್ಟ್ ಪಟ್ಟಿಯನ್ನು ಸುಮಾರು 9.94 ಲಕ್ಷ ಹೆಕ್ಟೇರಿನಿಂದ 3.3 ಲಕ್ಷ ಹೆಕ್ಟೇರಿಗೆ ಇಳಿಸಿದ ಮೇಲೆ ಹಲವರಿಗೆ ಉಸಿರು ಬಂತು, ಆದರೆ ನೀವು ನೋಡುತ್ತಿರುವ ಸರ್ವೆ ನಂಬರ್ ಯಾವ ಕಡೆ ಬಿತ್ತು ಎಂಬುದನ್ನು ಅರಣ್ಯ ಇಲಾಖೆಯಿಂದಲೇ ಬರಹದಲ್ಲಿ ಪಡೆಯಿರಿ. ದಿಶಾಂಕ್ ಆ್ಯಪ್ ತೆರೆದು ಜಾಗದ ನಡುವೆ ನಿಂತರೆ ಸರ್ವೆ ನಂಬರ್ ತಕ್ಷಣ ತಿಳಿಯುತ್ತದೆ. ಹಾಡಿಯೊಳಗೆ ಅದು ನಾಲ್ಕಾರು ಮೀಟರ್ ಆಚೀಚೆ ತೋರಿಸಬಹುದು; ಮೊದಲ ನೋಟಕ್ಕೆ ಸಾಕು, ಗಡಿ ಗುರುತಿಸಲು ಸಾಲದು.

ಇನ್ನು ವರ್ಗದ ಮೂರು ಎಕರೆಗೆ ಬರೋಣ. ಪಹಣಿಯ 9ನೇ ಕಲಂನಲ್ಲಿ ಹೆಸರು ಯಾರದೆಂದು ನೋಡಿ ಎಲ್ಲರೂ ಸಮಾಧಾನಪಡುತ್ತಾರೆ. ಓದಬೇಕಾದ್ದು 10 ಮತ್ತು 11. ಜಾಗ ಅವರಿಗೆ ಹೇಗೆ ಬಂತು, ಅದರ ಮೇಲೆ ಯಾರ ಋಣ ಇದೆ ಎಂಬುದು ಅಲ್ಲಿರುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಾಗ ಈ ಮೂರೂ ತಾಲ್ಲೂಕುಗಳಲ್ಲಿ ಧಾರಾಳ. ಅವುಗಳಿಗೆ ಡಿಕ್ಲರೇಶನ್ ಎಂದು ಊರಿನ ಮಾತು. ಭೂನ್ಯಾಯಮಂಡಳಿಯ ಆದೇಶದ ಪ್ರತಿ ಕೇಳಿ ಪಡೆಯಿರಿ. ಹಕ್ಕು ಕೊಟ್ಟ ಮೇಲೆ 15 ವರ್ಷ ಪರಭಾರೆ ಮಾಡುವಂತಿಲ್ಲ ಎಂಬ ನಿಬಂಧನೆ ಇದ್ದುದರಿಂದ, ತಡವಾಗಿ ತೀರ್ಪಾದ ಪ್ರಕರಣಗಳಲ್ಲಿ ಈ ಅವಧಿ ಮುಗಿದಿದೆಯೇ ಎಂದು ಎಣಿಸಬೇಕು. ದರಖಾಸ್ತಿನಲ್ಲಿ ಮಂಜೂರಾದ ಜಾಗಕ್ಕೂ ಇಂಥ ಷರತ್ತುಗಳುಂಟು. ಪರಿಶಿಷ್ಟ ಜಾತಿ-ಪಂಗಡದವರಿಗೆ ಮಂಜೂರಾದ ಭೂಮಿಯಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯ ಮೇಲೆ ಇದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಮೂಲ ಮಂಜೂರಾತಿ ಯಾರಿಗೆ ಆದದ್ದು ಎಂದು ನೋಡಿ.

ಕುಟುಂಬದ ಆಸ್ತಿ ಇನ್ನೊಂದು ದೊಡ್ಡ ಅಧ್ಯಾಯ. ಬಂಟರು, ಬಿಲ್ಲವರು, ಮೊಗವೀರರ ಹಳೆಯ ಮನೆತನಗಳಲ್ಲಿ ಅಳಿಯಸಂತಾನದ ಪಾಲು ತಾಯಿಯ ಕಡೆಯಿಂದ ಹರಿದು ಬಂದದ್ದು. ಪಾಲಾಗದೆ ಉಳಿದ ಜಾಗಕ್ಕೆ ಹಕ್ಕುದಾರರು ಮುಂಬೈ, ಪುಣೆ, ದುಬೈ ಎಂದು ಚದುರಿರುತ್ತಾರೆ. ಊರಲ್ಲಿ ಉಳಿದು ತೋಟ ನೋಡಿಕೊಂಡವರೊಬ್ಬರು “ಎಲ್ಲ ನನಗೇ ಬಿಟ್ಟಿದ್ದಾರೆ” ಎಂದರೆ ಅದು ಪ್ರಾಮಾಣಿಕವಾದ ಮಾತೇ ಇರಬಹುದು. ಆದರೂ ವಂಶವೃಕ್ಷ ತರಿಸಿ ಪ್ರತಿಯೊಬ್ಬರ ಸಹಿ ಹಾಕಿಸಿ. ಜಾಗದಲ್ಲಿ ನಾಗಬನ, ಹಾಯ್ಗುಳಿಯ ಗುಡಿ, ಪಂಜುರ್ಲಿಯ ಕಲ್ಲು ಇದೆಯೇ ಎಂದು ಕೇಳಿ ತಿಳಿಯಿರಿ. ಇದ್ದರೆ ಜಾಗ ಬೇಡವೆನ್ನಬೇಕಿಲ್ಲ, ಆದರೆ ನಾಗನಿಗೆ ತನು ಹಾಕಲು ಆ ಕುಟುಂಬದವರು ವರ್ಷವರ್ಷವೂ ನಿಮ್ಮ ತೋಟದೊಳಗೆ ಬರುತ್ತಾರೆ, ಬರಬೇಕು. ಬನವನ್ನೂ ಅದಕ್ಕೆ ಹೋಗುವ ದಾರಿಯನ್ನೂ ಕ್ರಯಪತ್ರದಲ್ಲೇ ಬಿಟ್ಟು ಬರೆಸಿದರೆ ಮುಂದೆ ಎರಡೂ ಕಡೆಯವರಿಗೆ ನೆಮ್ಮದಿ. ಬೇಲಿ ಹಾಕಿ ಬನ ಮುಚ್ಚಿದವರು ಊರಿನಲ್ಲಿ ಒಂದು ಆಳೂ ಸಿಗದೆ ಕೂರುವುದುಂಟು.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಹುದೇ ಎಂಬ ಹಳೆಯ ಭಯ ಈಗಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಲಾಗಿದೆ. ಕೊಲ್ಲಿ ದೇಶಗಳಲ್ಲಿರುವ ನಮ್ಮವರಿಗೆ ಮಾತ್ರ ಬೇರೆ ತೊಡಕು. ಅನಿವಾಸಿ ಭಾರತೀಯರು ಮತ್ತು ಓಸಿಐ ಕಾರ್ಡಿನವರು ವಿದೇಶಿ ವಿನಿಮಯದ ಕಾನೂನಿನಡಿ ಕೃಷಿ ಭೂಮಿ, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಊರಲ್ಲಿರುವ ತಮ್ಮನ ಹೆಸರಿಗೆ ದುಡ್ಡು ಕಳಿಸಿ ಜಾಗ ಮಾಡಿಸಿ ಕೊನೆಗೆ ಕೋರ್ಟಿನಲ್ಲಿ ಎದುರು-ಬದುರು ನಿಂತ ಅಣ್ಣತಮ್ಮಂದಿರು ಈ ಕಡೆ ಹೊಸಬರಲ್ಲ. ಊರಿಗೆ ಮರಳಿ, ಇಲ್ಲಿನ ನಿವಾಸಿ ಎಂದಾದ ಮೇಲೆ ಕೊಳ್ಳಿ.

ಸರ್ವೆ ನಂಬರಿನ ಒಂದು ತುಂಡು ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಮೋಜಣಿದಾರರು ಅಳತೆಗೆ ಬರುವ ದಿನ ನೀವೂ ಇರಿ, ಅಕ್ಕಪಕ್ಕದ ಜಾಗದವರನ್ನೂ ಕರೆಸಿ. ಗಡಿಕಲ್ಲು ಹಾಕುವಾಗ ಚಾ ಕುಡಿದು ಮಾತಾಡಿದವರು ಮುಂದೆ ತಕರಾರು ತೆಗೆಯುವುದು ಕಮ್ಮಿ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ.ಯನ್ನು ಕನಿಷ್ಠ 30 ವರ್ಷದ್ದು ತೆಗೆಸಿ. ಒಂದು ಎಕರೆಗೆ 100 ಸೆಂಟ್ಸ್, ಒಂದು ಸೆಂಟ್ಸ್ ಎಂದರೆ 435.6 ಚದರಡಿ, ಗುಂಟೆಯ ಲೆಕ್ಕದಲ್ಲಿ ಬೆಳೆದ ಬೆಂಗಳೂರಿನವರು ಇದನ್ನು ಬಾಯಿಪಾಠ ಮಾಡಿಕೊಂಡು ಬರಲಿ. ಖರ್ಚಿನ ಪಟ್ಟಿಯಲ್ಲಿ ಗ್ರಾಮೀಣ ಭಾಗಕ್ಕೆ ಮುದ್ರಾಂಕ ಮತ್ತು ಸೆಸ್ ಸೇರಿ ಶೇಕಡಾ 5.65, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇಕಡಾ 2ಕ್ಕೆ ಏರಿದ ನೋಂದಣಿ ಶುಲ್ಕ ಇರಲಿ.

ತೋಟದೊಳಗೆ ಸ್ವಂತ ವಾಸಕ್ಕೆ ಮನೆ ಕಟ್ಟಲು, ಹಿಡುವಳಿಯ ಶೇಕಡಾ 10 ಮೀರದಂತೆ, ಭೂಕಂದಾಯ ಕಾಯ್ದೆಯಲ್ಲಿ ಅವಕಾಶವಿದೆ. ಹೋಮ್‌ಸ್ಟೇ, ರೆಸಾರ್ಟ್ ಎಂದರೆ ಕನ್ವರ್ಷನ್, ಪಂಚಾಯಿತಿಯ 9 ಮತ್ತು 11ನೇ ನಮೂನೆ (9/11), ಯೋಜನಾ ಪ್ರಾಧಿಕಾರದ ವಿನ್ಯಾಸ ಅನುಮೋದನೆ ಎಂದು ಮೆಟ್ಟಿಲು ಹತ್ತಬೇಕು. ಕೆಲವೊಮ್ಮೆ ಮನೆ ಕಟ್ಟುವುದಕ್ಕಿಂತ 9/11 ಮಾಡಿಸುವುದೇ ದೊಡ್ಡ ಕೆಲಸ.

ದಾರಿ

“ಮನೆಯ ತನಕ ರಸ್ತೆ” ಎಂಬ ಮಾತನ್ನು ಜುಲೈಯಲ್ಲಿ ಪರೀಕ್ಷಿಸಬೇಕು. “ಬೇಸಿಗೆಗ್ ಬಂದ್ ಜಾಗ ಕಾಂಬುದಲ್ಲ ಮಾರಾಯ್ರೆ, ಆಸಾಡಿಯಂಗೆ ಬಂದ್ ಕಾಣಿ” ಎಂದು ಇಲ್ಲಿನವರು ಹೇಳುವುದು ಸುಮ್ಮನೆ ಅಲ್ಲ. ಮಾರ್ಚಿನಲ್ಲಿ ಕಾರು ನೇರ ಅಂಗಳಕ್ಕೆ ಹೋಗುವ ಗದ್ದೆಬದಿಯ ದಾರಿ ಜೂನ್ ನಂತರ ಕೆಸರು. ನಡುವೆ ಒಂದು ತೋಡು ಇದ್ದರೆ ಅದನ್ನು ದಾಟಿಸುವುದು ಕಾಲುಸಂಕ: ಎರಡು ದಡಕ್ಕೆ ಅಡ್ಡ ಹಾಕಿದ ಅಡಿಕೆ ಮರದ ದಬ್ಬೆ ಅಥವಾ ಎರಡು ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳ ಇದ್ದರೆ ಇತ್ತು. ಕೆಳಗೆ ನೀರು ಕೆಂಪಾಗಿ ಮೊರೆಯುತ್ತಿರುತ್ತದೆ, ದಬ್ಬೆಯ ಮೇಲೆ ಪಾಚಿ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎಳೆಯ ಹುಡುಗಿಯೊಬ್ಬಳು ಇಂಥ ಸಂಕದಿಂದ ಜಾರಿ ಪ್ರಾಣ ಕಳೆದುಕೊಂಡಳು. ಆಮೇಲೆ ಕೆಲವೆಡೆ ಕಾಂಕ್ರೀಟಿನ ಕಿರುಸೇತುವೆಗಳು ಬಂದವು, ಎಲ್ಲ ಕಡೆಗೂ ಬಂದಿಲ್ಲ. ಮಕ್ಕಳು, ವಯಸ್ಸಾದವರು ಇರುವ ಸಂಸಾರ ಕಾಲುಸಂಕದ ಆಚೆಯ ಜಾಗವನ್ನು ವಾಸಕ್ಕೆ ಆರಿಸಬಾರದು. ತೋಟಕ್ಕೆ ಮಾತ್ರ ಆದರೆ ಆಗಬಹುದು, ಆದರೆ ಅಡಿಕೆ ಹೊರುವ ಕೂಲಿ ನಿಮ್ಮ ಲೆಕ್ಕಕ್ಕೆ ಸೇರುತ್ತದೆ.

ರಸ್ತೆ ಕಣ್ಣಿಗೆ ಇದ್ದರೂ ಕಾಗದಕ್ಕೆ ಇಲ್ಲದಿರಬಹುದು. ಗ್ರಾಮನಕಾಶೆಯಲ್ಲಿ ಗುರುತಾದ ದಾರಿ, ಪಂಚಾಯಿತಿಯ ರಸ್ತೆ, ಪಕ್ಕದವರ ಪಟ್ಟಾ ಜಾಗದಲ್ಲಿ ಬಾಯಿಮಾತಿಗೆ ಬಿಟ್ಟ ದಾರಿ, ಈ ಮೂರೂ ಬೇರೆ ಬೇರೆ. ಪಂಚಾಯಿತಿ ಕಾಂಕ್ರೀಟು ಹಾಕಿದೆ ಎಂದಮಾತ್ರಕ್ಕೆ ಅದು ಸಾರ್ವಜನಿಕ ರಸ್ತೆ ಆಗಿಯೇ ಇರಬೇಕೆಂದಿಲ್ಲ. ಬಾಯಿಮಾತಿನ ದಾರಿ ಹಳೆಯ ಯಜಮಾನರ ನಡುವಿನ ಸ್ನೇಹದ ಮೇಲೆ ನಿಂತಿರುತ್ತದೆ. ಹೊಸಬರು ಬಂದ ವಾರದಲ್ಲೇ ತಡಮೆ ಬೀಳುವುದನ್ನು ಕಂಡವರಿದ್ದಾರೆ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯಡಿ 20 ವರ್ಷದ ಬಳಕೆಯನ್ನು ಸಾಧಿಸಿ ದಾರಿ ಪಡೆಯಬಹುದು, ಆದರೆ ಅದು ಕೋರ್ಟಿನ ದಾರಿ. ಜಾಗದ ಮುಂಗಡ ಕೊಡುವ ಮೊದಲೇ ಪಕ್ಕದವರಿಂದ ಬಂಡಿದಾರಿಗೆ ನೋಂದಾಯಿತ ಪತ್ರ ಮಾಡಿಸಿಕೊಳ್ಳಿ, ಅದಕ್ಕೆ ಒಂದಿಷ್ಟು ದುಡ್ಡು ಕೊಟ್ಟರೂ ಲಾಭವೇ.

ದಾರಿಯಾದ ಮೇಲೆ, ಮನೆಗೆ ಮಟ್ಟ ಮಾಡಲೆಂದು ಜೆಸಿಬಿ ತರಿಸಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿಯುವ ಚಾಳಿ ಹೆಚ್ಚಾಗಿದೆ. 2024ರ ಜುಲೈ 16ರಂದು ಹೆದ್ದಾರಿಗೆಂದು ಕಡಿದ ಗುಡ್ಡ ಕುಸಿದದ್ದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ (ನಮ್ಮ ಬೈಂದೂರಿನ ಶಿರೂರು ಅಲ್ಲ), ಆದರೆ ಮಣ್ಣೂ ಮಳೆಯೂ ಎರಡೂ ಕಡೆ ಹೆಚ್ಚು ಬೇರೆಯಲ್ಲ. ಮುರಕಲ್ಲಿನ ಗಟ್ಟಿ ಪದರ ಮೇಲಿದ್ದು ಅದರಡಿಯ ಜೇಡಿ ನೀರು ಕುಡಿದರೆ ಇಡೀ ಬರೆ ಜಾರುತ್ತದೆ. ಹಳೆಯ ಮನೆಗಳು ಬೆಟ್ಟು ಮತ್ತು ಬೈಲು ಕೂಡುವಲ್ಲಿ, ಬರೆಯಿಂದ ದೂರ ಬಿಟ್ಟು ಇರುವುದನ್ನು ಗಮನಿಸಿ. ಅವರಿಗೆ ಜೆಸಿಬಿ ಇರಲಿಲ್ಲವೆಂಬುದು ಒಂದು ಕಾರಣ, ಅನುಭವ ಇನ್ನೊಂದು.

ನೀರು

ಮಳೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್, ಘಟ್ಟದ ಬುಡಕ್ಕೆ ಹೋದಂತೆ ಇನ್ನೂ ಜಾಸ್ತಿ. ಕಮಲಶಿಲೆಯ ಬ್ರಾಹ್ಮೀ ದುರ್ಗಾಪರಮೇಶ್ವರಿಯ ಗರ್ಭಗುಡಿಗೆ ಮಳೆಗಾಲದಲ್ಲಿ ಕುಬ್ಜಾ ನದಿಯೇ ನುಗ್ಗಿ ಬರುತ್ತದೆ. ಅದೇ ಸೀಮೆಯಲ್ಲಿ ಮಾರ್ಚ್ ಮುಗಿಯುವಾಗ ಪಂಚಾಯಿತಿಯ ಟ್ಯಾಂಕರ್ ಓಡಾಡುತ್ತದೆ. ಸುರಿದದ್ದು ಮುರಕಲ್ಲಿನಲ್ಲಿ ಬೇಗ ಇಳಿದು, ತೋಡಿಗೆ ಬಿದ್ದು, ಎರಡು ದಿನದಲ್ಲಿ ಗಂಗೊಳ್ಳಿಯ ಅಳಿವೆ ಸೇರಿ ಹೋಗಿರುತ್ತದೆ. ಆದ್ದರಿಂದ “ವರ್ಷವಿಡೀ ನೀರು” ಎಂಬುದನ್ನು ಏಪ್ರಿಲ್ ಕೊನೆಯ ವಾರ ಬಾವಿಗೆ ಇಣುಕಿ ನೋಡಿಯೇ ನಂಬಬೇಕು. ಆ ಜಾಗದ ಅಡಿಕೆ ತೋಟ ಹಳೆಯದೇ, ಸೋಗೆ ಹಸಿರಾಗಿದೆಯೇ ಎಂದು ನೋಡಿ, ಪಂಪು ಎಷ್ಟು ಹೊತ್ತು ಓಡಿದ ಮೇಲೆ ಬಾವಿ ಬತ್ತುತ್ತದೆ ಎಂದು ಆಳನ್ನು ಕೇಳಿದರೆ ದಾಖಲೆಗಿಂತ ಸರಿಯಾದ ಉತ್ತರ ಸಿಗುತ್ತದೆ.

ಲೆಕ್ಕ ಸುಲಭ. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಮರ. ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರ್, ಸಾವಿರ ಲೀಟರಿನ ಹತ್ತು ಟ್ಯಾಂಕಿ. ಡಿಸೆಂಬರಿನಿಂದ ಮೇ ತನಕ ಅಷ್ಟು ಕೊಡುವ ಬಾವಿ ಇಲ್ಲದ ಕಡೆ ಅಡಿಕೆ ಹಾಕಬೇಡಿ, ಗೇರು ಹಾಕಿ. ಬೋರ್‌ವೆಲ್ ಕೊರೆಸಿದರಾಯಿತು ಎನ್ನುವವರಿಗೆ ನನ್ನ ಸಲಹೆ: ಆ ದುಡ್ಡಿನಲ್ಲಿ ಬಾವಿಯ ಹೂಳು ತೆಗೆಸಿ, ಹಳೆಯ ಮದಗ ಇದ್ದರೆ ಸರಿಮಾಡಿಸಿ, ಮಾಡಿನ ನೀರನ್ನು ಬಾವಿಗೆ ಬಿಡಿ. ಸಾವಿರ ಚದರಡಿಯ ಮಾಡಿನ ಮೇಲೆ ಈ ಮಳೆಯಲ್ಲಿ ವರ್ಷಕ್ಕೆ 3.7 ಲಕ್ಷ ಲೀಟರ್ ಬೀಳುತ್ತದೆ. ಹತ್ತಿರದ ತೋಡಿಗೆ ಕಿಂಡಿ ಅಣೆಕಟ್ಟು ಇದೆಯೇ, ಇದ್ದರೆ ಮಳೆ ನಿಂತ ಮೇಲೆ ಹಲಗೆ ಹಾಕುವವರು ಯಾರು ಎಂದು ವಿಚಾರಿಸಿ. ಹಲಗೆ ಸಕಾಲಕ್ಕೆ ಹಾಕಿದ ವರ್ಷ ಬಾವಿಯಲ್ಲಿ ನೀರು ನಿಲ್ಲುತ್ತದೆ. ಆ ಕೆಲಸಕ್ಕೆ ಊರವರ ಜೊತೆ ನೀವೂ ಇಳಿಯಿರಿ.

ನೀರಿನ ಜೊತೆಗೆ ಕಾಡಿನ ಗಡಿಯನ್ನೂ ನೋಡಿಕೊಳ್ಳಬೇಕು. ಕೊಲ್ಲೂರು ಭಾಗದಲ್ಲಿ 1974ರಲ್ಲಿ ಘೋಷಣೆಯಾಗಿ ನಂತರ ಸುಮಾರು 370 ಚದರ ಕಿಲೋಮೀಟರಿಗೆ ಹಿಗ್ಗಿದ ಮೂಕಾಂಬಿಕಾ ವನ್ಯಧಾಮ, ತೆಂಕಣಕ್ಕೆ ಸೋಮೇಶ್ವರ ವನ್ಯಧಾಮ. ಅವುಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯದೊಳಗೆ ಹೊಸ ರೆಸಾರ್ಟ್, ಕೋರೆಗಳಿಗೆ ಕಡಿವಾಣವಿದೆ. ಅದರ ಮೇಲೆ ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿ. ಕೇಂದ್ರ 2024ರ ಜುಲೈ 31ರಂದು ಹೊರಡಿಸಿದ ಆರನೇ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು, ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಈ ಗೊಂದಲ ನಿಮ್ಮ ಅಡಿಕೆಗೆ, ಮನೆಗೆ ತೊಂದರೆ ಕೊಡುವುದಿಲ್ಲ. ಹತ್ತು ಕೋಣೆಯ ರೆಸಾರ್ಟಿನ ಲೆಕ್ಕ ಹಾಕಿ ಸಾಲ ಮಾಡುವವರಿಗೆ ಕೊಡುತ್ತದೆ. ಗ್ರಾಮದ ಹೆಸರು ಆ ಕರಡಿನ ಪಟ್ಟಿಯಲ್ಲಿದೆಯೇ ನೋಡಿಕೊಂಡು ಹಣ ಹಾಕಿ.

ದುಡ್ಡು ಹುಟ್ಟುತ್ತದೆಯೇ?

ಹುಟ್ಟುತ್ತದೆ, ನಿಧಾನವಾಗಿ. ಅಡಿಕೆ ಫಸಲಿಗೆ ಬರಲು ಐದಾರು ವರ್ಷ, ತುಂಬು ಫಸಲಿಗೆ ಇನ್ನಷ್ಟು. ರಬ್ಬರ್ ಟ್ಯಾಪಿಂಗ್ ಶುರುವಾಗುವುದು ಏಳನೇ ವರ್ಷಕ್ಕೆ. ಜಡ್ಕಲ್-ಮುದೂರಿನ ಕಡೆ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಗುಡ್ಡವನ್ನೆಲ್ಲ ರಬ್ಬರ್ ಮಾಡಿ ತೋರಿಸಿದ ಮೇಲೆ ನಮ್ಮವರೂ ಹಾಕಿದರು. 2011ರಲ್ಲಿ ಕಿಲೋಗೆ 240 ರೂಪಾಯಿ ಮುಟ್ಟಿದ ರಬ್ಬರ್ 2016ರ ಆರಂಭಕ್ಕೆ ನೂರಕ್ಕಿಂತ ಕೆಳಗಿಳಿದಾಗ ಟ್ಯಾಪಿಂಗಿನವರ ಕೂಲಿಯೂ ಹುಟ್ಟದೆ ಮರಗಳು ಸುಮ್ಮನೆ ನಿಂತಿದ್ದವು. 2024ರ ಆಗಸ್ಟಿನಲ್ಲಿ ಮತ್ತೆ 240 ದಾಟಿತು. ಇಂಥ ಏರಿಳಿತ ತಡೆಯುವವರು ಬೇರೆ ಆದಾಯ ಇದ್ದವರು ಮಾತ್ರ.

ಅಡಿಕೆಗೆ ಈಗ ಎಲೆಚುಕ್ಕಿ ರೋಗದ ಹೆದರಿಕೆ, ಹಳೆಯ ಕೊಳೆರೋಗ ಇದ್ದೇ ಇದೆ. ಕೊಳೆಗೆ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು 40-45 ದಿನ ಬಿಟ್ಟು. ಔಷಧಿ ಅಗ್ಗ, ಬಿಡುವವರು ಸಿಗುವುದು ಕಷ್ಟ. ಮರ ಹತ್ತುವ ಹುಡುಗರೆಲ್ಲ ಬೆಂಗಳೂರಿನ ಹೋಟೆಲುಗಳಲ್ಲಿದ್ದಾರೆ, ಅದೇ ಹೋಟೆಲಿನ ಮಾಲೀಕರು ಇಲ್ಲಿ ತೋಟ ಮಾಡಿ ಹತ್ತುವವರನ್ನು ಹುಡುಕುತ್ತಾರೆ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಿಂದಲೇ ಕೊನೆ ತೆಗೆದು ಔಷಧಿ ಬಿಡುವ ತಂಡಗಳು ಹುಟ್ಟಿವೆ. ಮೇ ತಿಂಗಳಲ್ಲೇ ಅವರಿಗೆ ಹೇಳಿಟ್ಟಿರಬೇಕು. ಮಂಗ, ಹಂದಿ, ಕಾಡುಕೋಣ ತಿಂದುಳಿದದ್ದು ಫಸಲು. ಮಂಗನಿಗೆ ಎಳೆ ತೆಂಗಿನಕಾಯಿ ಎಂದರೆ ಪ್ರಾಣ, ಕಾಡಿನಂಚಿನಲ್ಲಿ ತೆಂಗನ್ನು ನಂಬಬೇಡಿ. ಅಡಿಕೆಯ ನಡುವೆ ಕಾಳುಮೆಣಸು, ಜಾಯಿಕಾಯಿ ಇದ್ದರೆ ಒಂದು ಕೈ ಕೊಟ್ಟ ವರ್ಷ ಇನ್ನೊಂದು ಹಿಡಿಯುತ್ತದೆ. ಗಿಡ ನೆಡುವ ಮೊದಲು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಟ್ಟು ಬನ್ನಿ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಪಟ್ಟಣದ ಮಿತಿಯಿಂದ ಸಾಕಷ್ಟು ದೂರದ ಕೃಷಿ ಭೂಮಿ ಮಾರಿದ ಲಾಭಕ್ಕೂ ಇಲ್ಲ. ಹತ್ತು ಸಾವಿರದಿಂದ ಒಂದು ಲಕ್ಷ ಜನಸಂಖ್ಯೆಯ ಪಟ್ಟಣವಾದರೆ 2 ಕಿಲೋಮೀಟರ್ ದೂರ ಇರಬೇಕು. ಊರಿನ ವ್ಯವಸಾಯ ಸೇವಾ ಸಹಕಾರಿ ಸಂಘದ ಸದಸ್ಯರಾದರೆ ರಾಜ್ಯದ ಶೂನ್ಯ ಬಡ್ಡಿಯ ಬೆಳೆಸಾಲ 5 ಲಕ್ಷದ ತನಕ ಉಂಟು. 10 ಹೆಚ್‌ಪಿ ತನಕದ ಪಂಪಿಗೆ ಕರೆಂಟು ಉಚಿತ. ಇವು ಒಳ್ಳೆಯ ಸವಲತ್ತುಗಳೇ. ಆದರೂ ದುಡ್ಡನ್ನು ಬೆಳೆಸುವುದೊಂದೇ ಗುರಿಯಾದರೆ ಬ್ಯಾಂಕಿನ ಠೇವಣಿಗೂ ಇದಕ್ಕೂ ಹೋಲಿಸಿ ನೋಡಿ, ಆಮೇಲೆ ಬನ್ನಿ. ಕಾಲೆಕರೆ ತುಂಡು ಮಾಡಿ, “ತೋಟ ನಾವು ನೋಡಿಕೊಳ್ಳುತ್ತೇವೆ, ನೀವು ವಾರದ ಕೊನೆಗೆ ಬನ್ನಿ” ಎಂದು ಮಾರುವ ಯೋಜನೆಗಳಿಂದಂತೂ ದೂರ ಇರಿ. ಕೃಷಿ ಭೂಮಿಯ ತುಂಡಿಗೆ ಸಾಮಾನ್ಯವಾಗಿ ರೇರಾದ ರಕ್ಷಣೆ ಇರುವುದಿಲ್ಲ, ನೋಡಿಕೊಳ್ಳುವವರು ಬಿಟ್ಟು ಹೋದರೆ ನಿಮ್ಮ ತುಂಡಿಗೆ ದಾರಿಯೂ ನೀರೂ ಬೇರೆಯವರ ತುಂಡಿನ ಮೇಲೆಯೇ ಬರಬೇಕು.

ಅಲ್ಲಿ ಇರುವುದು

ಬದುಕಲು ಬರುವವರಿಗೆ ಈ ಸೀಮೆ ದುಡ್ಡು ಹಾಕಲು ಬರುವವರಿಗಿಂತ ಹೆಚ್ಚು ಕೊಡುತ್ತದೆ ಎಂಬುದು ನನ್ನ ನಂಬಿಕೆ. ಮಳೆ ಬಿಟ್ಟ ಮೇಲೆ ಮಾರಣಕಟ್ಟೆ, ಮಂದಾರ್ತಿ ಮೇಳದ ಆಟ, ಕಂಬಳ, ಕೋಲ, ಪಕ್ಕದ ಮನೆಯ ಗದ್ದೆಯ ಕುಚ್ಚಲಕ್ಕಿ. ಆದರೆ ಜೂನಿನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದಿಲ್ಲ, ಮರ ಬಿದ್ದು ಮೆಸ್ಕಾಂ ಲೈನು ಎರಡು ದಿನ ಹೋಗುತ್ತದೆ, ಕರೆಂಟು ಹೋದ ಮೇಲೆ ಮೊಬೈಲ್ ಟವರೂ ಸುಸ್ತು. ಮನೆಯಿಂದ ಕೆಲಸ ಮಾಡುವವರು ಫೈಬರ್ ಇಂಟರ್ನೆಟ್ ಎಲ್ಲಿಯ ತನಕ ಬಂದಿದೆ ಎಂದು ಮೊದಲು ಕೇಳಲಿ. ಮಾಜಿ ಶಾಸಕ ಎ. ಜಿ. ಕೊಡ್ಗಿಯವರ ಮುಂದಾಳ್ತನದಲ್ಲಿ ಅಮಾಸೆಬೈಲಿನ ಮನೆಗಳಿಗೆ ಸೋಲಾರ್ ದೀಪ ಬಂದದ್ದು ಇದೇ ಕತ್ತಲೆಯ ಕಾರಣಕ್ಕೆ. ನಿಮ್ಮ ಮನೆಗೂ ಒಂದಿಷ್ಟು ಸೋಲಾರ್, ಇನ್ವರ್ಟರ್ ಇರಲಿ. ಬಸ್ಸು ಖಾಸಗಿಯದು, ಸಂಜೆಯ ಕೊನೆಯ ಬಸ್ಸು ತಪ್ಪಿದರೆ ರಿಕ್ಷಾ. 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ಖಾಸಗಿ ಬಸ್ಸಿನ ಈ ಸೀಮೆಗೆ ಅದರ ಫಲ ಕಮ್ಮಿ.

ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ, ಮಳೆಗಾಲದ ರಾತ್ರಿ ಎಷ್ಟು ಹೊತ್ತು ಬೇಕು ಎಂದು ಅಳೆಯಿರಿ. ಸಣ್ಣದಕ್ಕೆ ಸಿದ್ದಾಪುರ, ಶಂಕರನಾರಾಯಣ, ನಂತರ ಕುಂದಾಪುರದ ಸರ್ಕಾರಿ ಆಸ್ಪತ್ರೆ, ದೊಡ್ಡದಕ್ಕೆ ಮಣಿಪಾಲ. ಹೃದಯದ ತೊಂದರೆ ಇರುವ ಹಿರಿಯರು ಘಟ್ಟದ ಬುಡಕ್ಕೆ ಹೋಗುವ ಬದಲು ಬ್ರಹ್ಮಾವರದ ಒಳಗಿನ ಹಳ್ಳಿಗಳಲ್ಲಿ ಜಾಗ ನೋಡುವುದು ಜಾಣತನ. ಕಾಡಿನಂಚಿನಲ್ಲಿ ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಎಚ್ಚರ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರವನ್ನು ಹರಡುವುದು ಉಣುಗು. ಸೊಪ್ಪಿಗೆ, ಸೌದೆಗೆ ಹೋಗುವ ಮೊದಲು ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ, ಸತ್ತ ಮಂಗ ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಅವಸರ ಬೇಡ. ಜೂನಿನಿಂದ ಮುಂದಿನ ಮೇ ತನಕ ನಿಮಗೆ ಇಷ್ಟವಾದ ಊರಿನಲ್ಲೇ ಒಂದು ಬಾಡಿಗೆ ಮನೆ ಹಿಡಿಯಿರಿ. ಹಳೆಯ ಹೆಂಚಿನ ಮನೆಗಳು ಖಾಲಿ ಬಿದ್ದಿವೆ, ನೋಡಿಕೊಳ್ಳುವವರು ಸಿಕ್ಕರೆ ಸಾಕು ಎನ್ನುವ ಮಾಲೀಕರು ಮುಂಬೈಯಲ್ಲಿದ್ದಾರೆ. ಒಂದು ಮಳೆ, ಒಂದು ಬೇಸಿಗೆ ಕಂಡ ಮೇಲೆ ದಲ್ಲಾಳಿಯ ಅಗತ್ಯವೇ ಬೀಳದೆ ಒಳ್ಳೆಯ ಜಾಗ ಪಕ್ಕದವರ ಬಾಯಿಂದಲೇ ತಿಳಿಯುತ್ತದೆ. ಆಗಲೂ ಹತ್ತು ಎಕರೆಯ ಆಸೆ ಬಿಡಿ. ದಾರಿಗೆ ಕಾಗದ ಇರುವ, ಏಪ್ರಿಲಿನಲ್ಲಿ ಬಾವಿಯಲ್ಲಿ ನೀರಿರುವ ಎರಡೋ ಮೂರೋ ಎಕರೆ ವರ್ಗ ಜಾಗ ಒಂದು ಸಂಸಾರಕ್ಕೆ ಧಾರಾಳ ಸಾಕು. ಕರಾರು ಪತ್ರದಲ್ಲಿ ವರ್ಗ ಎಷ್ಟು, ಕುಮ್ಕಿ ಎಷ್ಟು ಎಂದು ಸೆಂಟ್ಸ್ ಲೆಕ್ಕದಲ್ಲಿ ಬೇರೆ ಬೇರೆ ಬರೆಸಿ, ಬೆಲೆಯನ್ನು ವರ್ಗಕ್ಕೆ ಮಾತ್ರ ಕಟ್ಟಿ. 11ಇ ನಕ್ಷೆ ಕೈಗೆ ಬರುವ ತನಕ ದೊಡ್ಡ ಮುಂಗಡ ಕೊಡಬೇಡಿ.